ಹೊಲದ ಕಣ್ಣು, ಜೆಲ್ಲಿನ ಗೆರೆ

ಜೀವವಿಜ್ಞಾನ ಓದುವ ಮಕ್ಕಳ ಜೊತೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಸೀಟು, ಫೀಸು, ಕೆಲಸದಲ್ಲೇ ಮುಗಿದುಹೋಗುತ್ತದೆ. ಆ ಓದಿನ ಒಳಗೆ ಏನಿದೆ ಎಂಬಲ್ಲಿಗೆ ಹೋಗುವವರು ಕಡಿಮೆ. ಇಲ್ಲಿ ಮಾತಾಡುವ ಇಬ್ಬರು ಹೋದರು. ಇಬ್ಬರೂ ಒಂದೇ ಬೆಳೆಯ ಬೆನ್ನು ಹತ್ತಿದವರಾದ್ದರಿಂದ ಅದು ಸಾಧ್ಯವಾಯಿತು. ದೊಡ್ಡಪ್ಪ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ಹೊಲದ ಸಹಾಯಕರಾಗಿ ದುಡಿದು ನಿವೃತ್ತರಾದವರು. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ಮಾಲಿಕ್ಯುಲರ್ ಬಯಾಲಜಿ ಮತ್ತು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಅವಳ ಪ್ರಾಜೆಕ್ಟಿನ ವಿಷಯವೂ ರಾಗಿಯೇ.

ದೊಡ್ಡಪ್ಪ: ನಿಮ್ಮಪ್ಪ ಫೋನ್ ಮಾಡಿದ್ದ. ಔಷಧಿ ಕಂಪನಿಯಲ್ಲಿ ಕೆಲಸ ಸಿಗೋ ಹಾಗಿದೆ, ಇವಳು ಪಿಎಚ್.ಡಿ. ಅಂತ ಹಟ ಹಿಡಿದು ಕೂತವ್ಳೆ, ನೀನಾದ್ರೂ ಬುದ್ಧಿ ಹೇಳಣ್ಣ ಅಂದ. ಬುದ್ಧಿ ಹೇಳೋಕೆ ಮೊದಲು ನನಗೆ ಗೊತ್ತಾಗಬೇಕು. ಬೆಳಗಿಂದ ಸಂಜೆವರೆಗೆ ಆ ಲ್ಯಾಬಲ್ಲಿ ಏನು ಮಾಡ್ತೀಯವ್ವ?

ಹುಡುಗಿ: ಮೊನ್ನೆ ಮಾಡಿದ್ದು ಹೇಳ್ತೀನಿ. ರಾಗಿ ಪೈರಿನ ಎಳೆ ಎಲೆ ಕಿತ್ತು ತಂದು, ಲಿಕ್ವಿಡ್ ನೈಟ್ರೋಜನ್ ಹುಯ್ದು ಪಿಂಗಾಣಿ ಕುಟ್ಟಾಣಿಯಲ್ಲಿ ಹಿಟ್ಟು ಮಾಡಿದೆ. ಅದಕ್ಕೆ ಒಂದು ಸೋಪಿನಂಥ ದ್ರಾವಣ ಹಾಕಿ 65 ಡಿಗ್ರಿ ಬಿಸಿನೀರಲ್ಲಿ ಇಟ್ಟೆ. ಆಮೇಲೆ ಕ್ಲೋರೋಫಾರಂ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಕಸರು ಕೆಳಗೆ ನಿಲ್ಲುತ್ತೆ, ಮೇಲಿನ ತಿಳಿ ತೆಗೆದುಕೊಳ್ಳಬೇಕು. ಆ ತಿಳಿಗೆ ತಣ್ಣನೆಯ ಐಸೋಪ್ರೊಪನಾಲ್ ಬಿಟ್ಟು ಟ್ಯೂಬನ್ನ ಮೆಲ್ಲಗೆ ಮಗುಚಿ ನೋಡಿದರೆ ಬಿಳೀ ಎಳೆಗಳು ಸುರುಳಿ ಸುತ್ತಿಕೊಂಡು ತೇಲ್ತವೆ. ಅದೇ ರಾಗಿಯ ಡಿಎನ್‌ಎ.

ದೊಡ್ಡಪ್ಪ: ಕಣ್ಣಿಗೇ ಕಾಣುತ್ತಾ?

ಹುಡುಗಿ: ಆ ಒಂದು ಗಳಿಗೆ ಮಾತ್ರ. ಅದಾದ ಮೇಲೆ ಎಲ್ಲಾ ಬರೀ ನೀರಿನ ಹಾಗೆ. ಒಂದು ಮೈಕ್ರೋಲೀಟರ್ ಇದು, ಅರ್ಧ ಮೈಕ್ರೋಲೀಟರ್ ಅದು. ಯಾವ ಟ್ಯೂಬಲ್ಲಿ ಏನಿದೆ ಅನ್ನೋದಕ್ಕೆ ಮುಚ್ಚಳದ ಮೇಲೆ ಬರೆದ ನಂಬರೊಂದೇ ಸಾಕ್ಷಿ. ಪಿಸಿಆರ್ ಯಂತ್ರಕ್ಕೆ ಇಟ್ಟರೆ 95 ಡಿಗ್ರಿಗೆ ಕಾಯಿಸಿ ಎರಡು ಎಳೆ ಬಿಡಿಸುತ್ತೆ, ತಣಿಸುತ್ತೆ, 72 ಡಿಗ್ರಿಯಲ್ಲಿ ಒಂದೊಂದು ಎಳೆಗೂ ಜೋಡಿ ಕಟ್ಟುತ್ತೆ. ಒಂದು ಸುತ್ತಿಗೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಲೆಕ್ಕದ ಪ್ರಕಾರ 30 ಸುತ್ತಾಗುವಷ್ಟರಲ್ಲಿ ಒಂದೇ ತುಣುಕು 100 ಕೋಟಿ ದಾಟುತ್ತೆ. ಅದನ್ನ ಜೆಲ್ಲಿನಲ್ಲಿ ಓಡಿಸಿ ಯುವಿ ಬೆಳಕಲ್ಲಿ ಹಿಡಿದರೆ ಹೊಳೆಯೋ ಒಂದು ಗೆರೆ. ಮೂರು ದಿನದ ಕೆಲಸಕ್ಕೆ ಸಿಗೋದು ಆ ಗೆರೆ.

ದೊಡ್ಡಪ್ಪ: 95 ಡಿಗ್ರಿಯಲ್ಲಿ ಅನ್ನ ಬೇಯುತ್ತೆ. ಜೋಡಿ ಕಟ್ಟೋ ವಸ್ತುವೂ ಜೀವದ್ದೇ ಅಲ್ವಾ, ಅದು ಹೆಂಗೆ ಉಳ್ಕೊಳ್ಳುತ್ತೆ?

ಹುಡುಗಿ: ಇದನ್ನ ನಮ್ಮ ಕ್ಲಾಸಲ್ಲಿ ಯಾರೂ ಕೇಳಲಿಲ್ಲ ದೊಡ್ಡಪ್ಪ! ಮೊದಮೊದಲು ಉಳೀತಾ ಇರಲಿಲ್ಲ. ಪ್ರತಿ ಸುತ್ತಿಗೂ ಹೊಸ ಕಿಣ್ವ ಹಾಕಬೇಕಿತ್ತು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕುದಿಯೋ ಬುಗ್ಗೆಗಳಿವೆ. 1966ರಲ್ಲಿ ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿಯ ಜೊತೆ ಹಡ್ಸನ್ ಫ್ರೀಜ್ ಅಂತ ಒಬ್ಬ ಡಿಗ್ರಿ ವಿದ್ಯಾರ್ಥಿ ಅಲ್ಲಿಯ ಬಿಸಿನೀರಿನಿಂದ ಒಂದು ಬ್ಯಾಕ್ಟೀರಿಯಾ ಬೆಳೆಸಿದ. 1969ರಲ್ಲಿ ಅದಕ್ಕೆ ಹೆಸರಿಟ್ಟು ಪ್ರಕಟಿಸಿದರು. ಪಿಸಿಆರ್ ಅನ್ನೋ ಯೋಚನೆ ಕ್ಯಾರಿ ಮಲಿಸ್‌ಗೆ ಬಂದದ್ದು 1983ರಲ್ಲಿ. ಆ ಬುಗ್ಗೆಯ ಜೀವಿಯ ಕಿಣ್ವ ಸಿಕ್ಕಿದ ಮೇಲೇ ಈ ಯಂತ್ರಗಳು ಸಲೀಸಾಗಿ ಓಡಿದ್ದು. ಇದು ಯಾವ ಕೆಲಸಕ್ಕೆ ಬರುತ್ತೆ ಅಂತ ಆ ಹುಡುಗನ ಅಪ್ಪ ಕೇಳಿದ್ದಿದ್ರೆ ಅವನ ಹತ್ತಿರ ಉತ್ತರ ಇರ್ತಿರಲಿಲ್ಲ.

ದೊಡ್ಡಪ್ಪ: ನೀನು ನಿಮ್ಮಪ್ಪನಿಗೆ ಬಾಣ ಬಿಟ್ಟೆ, ಸರಿ. ಆದ್ರೆ ನನಗೆ ಕಂಡದ್ದು ಬೇರೆ. ಆ ಹುಡುಗ ಬುಗ್ಗೆ ಹತ್ತಿರ ಹೋಗಿದ್ದ ಕಣವ್ವ. ಅವನ ಮೇಷ್ಟ್ರು ನೀರು ಹರಿಯೋ ಜಾಗ ನಡೆದಾಡಿ ನೋಡಿದ್ರು. ನೀನು ಎರಡು ವರ್ಷದಲ್ಲಿ ರಾಗಿ ಹೊಲಕ್ಕೆ ಎಷ್ಟು ಸಲ ಹೋಗಿದ್ದೀಯ?

ಹುಡುಗಿ: ಎಲೆ ಕೀಳೋಕೆ ಹೋಗ್ತೀನಿ.

ದೊಡ್ಡಪ್ಪ: ಎಲೆ ಕಿತ್ತು ಬಂದುಬಿಡ್ತೀಯ. ರಾಗಿ ಹೂ ಬಿಡೋದು ಯಾವ ಹೊತ್ತಲ್ಲಿ ಹೇಳು?

ಹುಡುಗಿ: ಬೆಳಗಿನ ಜಾವ ಅಂತ ಓದಿದ್ದೀನಿ.

ದೊಡ್ಡಪ್ಪ: ಓದಿದ್ದೀಯ. ನಡುರಾತ್ರಿ ಕಳೆದ ಮೇಲೆ ಶುರುವಾಗಿ ಬೆಳಕು ಹರಿಯೋ ಹೊತ್ತಿಗೆ ಮುಗಿದೇ ಹೋಗುತ್ತೆ. ಕಣ್ಣಿಗೆ ಹತ್ತದಷ್ಟು ಚಿಕ್ಕ ಹೂವು, ಒಳಗೇ ಗಂಡು, ಒಳಗೇ ಹೆಣ್ಣು, ತನಗೆ ತಾನೇ ಕಾಳು ಕಟ್ಟಿಕೊಳ್ಳುತ್ತೆ. ಹತ್ತಿ ಹೂವಾದ್ರೆ ಬೆರಳಲ್ಲಿ ಕೇಸರ ಕೀಳಬಹುದು, ಇದರಲ್ಲಿ ಎಲ್ಲಿ ಕೀಳ್ತೀಯ? ಅದಕ್ಕೇ ರಾಗಿಯಲ್ಲಿ ಕ್ರಾಸ್ ಮಾಡೋದು ಆಗದ ಮಾತು ಅಂತಿದ್ರು. ನಮ್ಮ ಫಾರಂನ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿ ತಂದು ಇಲ್ಲಿನದಕ್ಕೆ ಕೂಡಿಸಿದರು. ಇಂಡಾಫ್ ತಳಿಗಳೆಲ್ಲಾ ಹುಟ್ಟಿದ್ದು ಹಾಗೆ.

ಹುಡುಗಿ: ಕ್ರಾಸ್ ಮಾಡ್ತಿದ್ದದ್ದು ಹೇಗೆ? ಪುಸ್ತಕದಲ್ಲಿ 52 ಡಿಗ್ರಿ ಬಿಸಿನೀರಲ್ಲಿ ತೆನೆ ಅದ್ದಬೇಕು, ಐದು ನಿಮಿಷ, ಪರಾಗ ಸಾಯುತ್ತೆ, ಅಂಡ ಉಳಿಯುತ್ತೆ ಅಂತ ಒಂದು ಸಾಲಿದೆ.

ದೊಡ್ಡಪ್ಪ: ಅದೊಂದು ದಾರಿ. ಇನ್ನೊಂದು ಸುಲಭದ್ದು. ಹಸಿರು ಗೆಣ್ಣಿನ ಗಿಡ ತಾಯಿ, ನೇರಳೆ ಗೆಣ್ಣಿನ ಗಿಡ ತಂದೆ. ಎರಡರ ತೆನೆಯನ್ನೂ ಹೂವಿಗೆ ಮುಂಚೆ ಒತ್ತಿಗೊತ್ತಿ ಕಟ್ಟಿಬಿಡೋದು. ಬಹುಪಾಲು ಕಾಳು ತಾನೇ ಕಟ್ಟಿಕೊಂಡದ್ದೇ ಇರುತ್ತೆ, ಎಲ್ಲೋ ಒಂದೆರಡು ಕಾಳಿಗೆ ಪಕ್ಕದ ಪರಾಗ ಬಿದ್ದಿರುತ್ತೆ. ತಾಯಿ ಗಿಡದ ಕಾಳನ್ನ ಅಷ್ಟೂ ಬಿತ್ತಿ, ಪೈರು ಎದ್ದ ಮೇಲೆ ಸಾಲುಸಾಲು ಬಗ್ಗಿ ನೋಡ್ಕೊಂಡು ಹೋಗೋದು. ಹಸಿರು, ಹಸಿರು, ಹಸಿರು. ಒಂದರ ಗೆಣ್ಣು ನೇರಳೆ ಇತ್ತೂ ಅಂದ್ರೆ ಅದೇ ಕ್ರಾಸ್. ತಾಯಿ ಹಸಿರಾದ್ರೆ ಈ ಬಣ್ಣ ತಂದೆಯಿಂದಲೇ ಬಂದಿರಬೇಕು. ಅದಕ್ಕೆ ಕೋಲು ನೆಟ್ಟು ಚೀಟಿ ಕಟ್ಟಿದ ದಿನ ಮನೆಗೆ ಬಂದು ನಿಮ್ಮ ದೊಡ್ಡಮ್ಮನಿಗೆ ಹೇಳ್ತಿದ್ದೆ.

ಹುಡುಗಿ: ದೊಡ್ಡಪ್ಪ, ನಾನು ಮಾಡ್ತಿರೋದೂ ಅದನ್ನೇ! ನಿಮ್ಮ ನೇರಳೆ ಗೆಣ್ಣನ್ನ ನಮ್ಮ ಕಡೆ ಮಾರ್ಕರ್ ಅಂತಾರೆ. ನನ್ನ ಜೆಲ್ಲಿನ ಗೆರೆಯೂ ಮಾರ್ಕರ್ರೇ.

ದೊಡ್ಡಪ್ಪ: ನಂದು ಪುಕ್ಕಟೆ. ನಿಂದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರ.

ಹುಡುಗಿ: ನಿಮ್ಮದು ಒಂದೇ ಮಾತು ಹೇಳುತ್ತೆ, ಕ್ರಾಸ್ ಆಗಿದೆ ಅಂತ. ಬೆಂಕಿ ರೋಗ ತಡೆಯೋ ಗುಣ ಬಂದಿದೆಯಾ ಅಂದ್ರೆ ಬಾಯಿ ಬಿಡಲ್ಲ. ಭತ್ತದ ವಿಷಯ ತಗೊಳ್ಳಿ. ಸಾಂಬಾ ಮಸೂರಿಗೆ, ಅದೇ ಬಿಪಿಟಿ 5204, ದುಂಡಾಣು ಅಂಗಮಾರಿ ಬಂದರೆ ಎಲೆಯೆಲ್ಲಾ ಒಣಗಿ ಹೋಗುತ್ತೆ. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದವರೂ ಭತ್ತ ಸಂಶೋಧನಾ ಸಂಸ್ಥೆಯವರೂ ಸೇರಿ ಅದಕ್ಕೆ ಮೂರು ನಿರೋಧಕ ಜೀನ್ ತುಂಬಿದರು. 2008ರಲ್ಲಿ ಬಿಡುಗಡೆ ಆಯ್ತು. ಮೂರರಲ್ಲಿ ಒಂದು, ಎಕ್ಸ್‌ಎ21, ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ಈಗ ಹೇಳಿ, ಒಂದು ಜೀನ್ ಇರೋ ಗಿಡಕ್ಕೂ ಮೂರು ಜೀನ್ ಇರೋ ಗಿಡಕ್ಕೂ ರೋಗ ಅಂಟಿಸಿದರೆ ಎರಡೂ ಹಸಿರಾಗೇ ನಿಲ್ತವೆ. ಯಾವುದನ್ನ ಉಳಿಸ್ತೀರಿ, ಯಾವುದನ್ನ ಕೀಳ್ತೀರಿ?

ದೊಡ್ಡಪ್ಪ: ...ಗೊತ್ತಾಗಲ್ಲ.

ಹುಡುಗಿ: ಇನ್ನೂ ಇದೆ. ಮಿಕ್ಕ ಎರಡು ಜೀನ್ ಅಡಗಿ ಕೂರೋ ಜಾತಿಯವು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಗುಣ ತೋರಿಸ್ತವೆ. ನಾಲ್ಕು ತಲೆಮಾರು ಮತ್ತೆ ಮತ್ತೆ ಸಾಂಬಾ ಮಸೂರಿಗೇ ಕೂಡಿಸುವಾಗ ಅವು ಒಳಗಿದ್ದೂ ಹೊರಗೆ ಕಾಣಲ್ಲ. ಹೊಲದಲ್ಲಿ ಎಂಥಾ ಕಣ್ಣಿದ್ದರೂ ಅವನ್ನ ಕಳ್ಕೊಂಡುಬಿಡ್ತೀರಿ. ಡಿಎನ್‌ಎ ಓದಿದರೆ ಮಾತ್ರ ಕಾಪಾಡಬಹುದು.

ದೊಡ್ಡಪ್ಪ: ನೀವು ಜೀನನ್ನೇ ನೋಡ್ತೀರಾ, ಇಲ್ಲಾ ಬೇರೆ ಏನನ್ನೋ ನೋಡಿ ಜೀನ್ ಇದೆ ಅಂತೀರಾ?

ಹುಡುಗಿ: ಒಳ್ಳೇ ಪಟ್ಟು ಹಾಕಿದ್ರಿ. ಎಷ್ಟೋ ಸಲ ಜೀನಿನ ಪಕ್ಕದ ಮನೆ ನೋಡ್ತೀವಿ. ಪಕ್ಕದ ಮನೆಯಲ್ಲಿ ದೀಪ ಉರಿದರೆ ಇವರೂ ಮನೆಯಲ್ಲಿದ್ದಾರೆ ಅಂತ ಲೆಕ್ಕ.

ದೊಡ್ಡಪ್ಪ: ಪಕ್ಕದ ಮನೆಯವರು ಖಾಲಿ ಮಾಡ್ಕೊಂಡು ಹೋಗಿದ್ರೆ?

ಹುಡುಗಿ: ಹೋಗ್ತಾರೆ. ವರ್ಣತಂತುಗಳು ತುಂಡು ಬದಲಾಯಿಸಿಕೊಳ್ಳುವಾಗ ಜೀನ್ ಒಂದು ಕಡೆ, ಮಾರ್ಕರ್ ಒಂದು ಕಡೆ ಆಗೋದುಂಟು. ಅದಕ್ಕೇ ಆದಷ್ಟು ಒತ್ತಿನ ಮನೆ ಹುಡುಕ್ತೀವಿ, ಎರಡೂ ಮಗ್ಗುಲು ನೋಡ್ತೀವಿ. ಅಷ್ಟಾದರೂ ಕೊನೆಗೆ ಕತ್ತರಿಯನ್ನ ರೋಗಾಣು ಇರೋ ನೀರಲ್ಲಿ ಅದ್ದಿ, ಎಲೆ ತುದಿ ಕತ್ತರಿಸಿ, ಎರಡು ವಾರ ಬಿಟ್ಟು ಒಣಗಿದ ಉದ್ದ ಅಳೆದು ನೋಡಲೇಬೇಕು.

ದೊಡ್ಡಪ್ಪ: ಕೊನೆಗೆ ಗಿಡದ ಹತ್ತಿರಕ್ಕೇ ಬಂದ್ರಿ.

ಹುಡುಗಿ: ಬಂದ್ವಿ. ಆದ್ರೆ ಸಾವಿರ ಗಿಡ ನೋಡೋ ಬದಲು ಇಪ್ಪತ್ತು ಗಿಡ ನೋಡಿದರೆ ಸಾಕು ಅನ್ನೋ ಹಾಗೆ ಬಂದ್ವಿ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೋತವರ ಮೌನವಲ್ಲ ಅದು, ಲೆಕ್ಕ ಹಾಕುವವರದು. ತಳಿ ಹೊಲದಲ್ಲಿ ದುಡಿದವರಿಗೆ ಸಾವಿರ ಗಿಡ, ಇಪ್ಪತ್ತು ಗಿಡ ಎಂದರೆ ಎಷ್ಟು ಆಳು, ಎಷ್ಟು ಮಳೆಗಾಲ ಎಂದು ತಟ್ಟನೆ ಗೊತ್ತಾಗುತ್ತದೆ. ಜೀನ್ ಓದುವ ವಿದ್ಯೆಯನ್ನು ನಮ್ಮ ಪಠ್ಯಪುಸ್ತಕಗಳು ಈ ಲೆಕ್ಕದಿಂದ ಶುರುಮಾಡಿದ್ದರೆ ಹಳ್ಳಿಯ ಮಕ್ಕಳಿಗೆ ಅದು ಎಷ್ಟೋ ಹತ್ತಿರವಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಹುಡುಗಿ: ನಿಮಗೊಂದು ವಿಷಯ ಹೇಳಲೇಬೇಕು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ರಾಗಿಯ ಇಡೀ ಜೀನೋಮ್ ಓದಿ ಪ್ರಕಟಿಸಿದರು. ಶೈಲಜಾ ಹಿತ್ತಲಮನಿ ಅವರ ತಂಡ. ಓದಿದ್ದು ಯಾವ ತಳಿ ಗೊತ್ತಾ? ಎಂಎಲ್ 365.

ದೊಡ್ಡಪ್ಪ: ಅದರ ಒಂದು ಕಡೆ ಇಂಡಾಫ್ 5 ಅಲ್ವಾ!

ಹುಡುಗಿ: ಹೂಂ. ನೀವು ಚೀಟಿ ಕಟ್ಟಿದ ಮನೆತನದ ಮಗು. 85 ಸಾವಿರಕ್ಕೂ ಮೇಲೆ ಜೀನ್ ಗುರುತಿಸಿದ್ದಾರೆ. ಮನುಷ್ಯನಲ್ಲಿ ಪ್ರೋಟೀನ್ ಮಾಡೋ ಜೀನ್ ಸುಮಾರು 20 ಸಾವಿರ.

ದೊಡ್ಡಪ್ಪ: ರಾಗಿಗೆ ನಮಗಿಂತ ಜಾಸ್ತಿಯಾ?

ಹುಡುಗಿ: ಎರಡು ಹುಲ್ಲುಗಳ ಜೀನೋಮ್ ಒಂದಾಗಿ ಸೇರಿ ಆದ ಬೆಳೆ ಅದು, ಎಲ್ಲವೂ ದುಪ್ಪಟ್ಟು.

ದೊಡ್ಡಪ್ಪ: ಆ 85 ಸಾವಿರದಲ್ಲಿ ಯಾವುದು ಮಳೆ ಕೈಕೊಟ್ಟಾಗ ಗಿಡ ಉಳಿಸುತ್ತೆ, ಯಾವುದು ಕಾಳಿಗೆ ಸುಣ್ಣದ ಅಂಶ ತುಂಬುತ್ತೆ, ಹೇಳು ನೋಡೋಣ.

ಹುಡುಗಿ: ಬಹಳಷ್ಟಕ್ಕೆ ಊಹೆ ಮಾತ್ರ ಇದೆ. ಭತ್ತದಲ್ಲಿ ಹೀಗಿದೆ, ಹಾಗಾದ್ರೆ ಇಲ್ಲೂ ಹೀಗಿರಬಹುದು ಅನ್ನೋ ಊಹೆ. ಒಂದೊಂದನ್ನೂ ಕೆಡಿಸಿ ನೋಡಬೇಕು, ಗಿಡ ಏನಾಗುತ್ತೆ ಅಂತ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರ ಕಟ್ಟಿದ ಒಬೈದ್ ಸಿದ್ದಿಕಿ ಗೊತ್ತಲ್ಲ, ಅವರು ಎಪ್ಪತ್ತರ ದಶಕದಲ್ಲಿ ಹಣ್ಣುನೊಣದ ಮೇಲೆ ಕೆಲಸ ಮಾಡಿದ್ರು. ಒಂದೇ ಜೀನ್ ಕೆಟ್ಟ ನೊಣ. ತಣ್ಣಗಿದ್ದರೆ ಓಡಾಡುತ್ತೆ, ಬೆಚ್ಚಗಾದರೆ ನಿಂತಲ್ಲೇ ಬಿದ್ದುಬಿಡುತ್ತೆ, ಮತ್ತೆ ತಣಿಸಿದರೆ ಎದ್ದು ಹೋಗುತ್ತೆ. ನರದಲ್ಲಿ ಸಂದೇಶ ಹರಿಯೋದು ಹೇಗೆ ಅಂತ ತಿಳಿಯೋಕೆ ಅಂಥ ನೊಣ ದಾರಿ ತೋರಿಸಿತು. ರಾಗಿಯಲ್ಲಿ ಆ ಕೆಲಸ ಇನ್ನೂ ಮಾಡಬೇಕು. ನನಗೆ ಅದನ್ನ ಮಾಡಬೇಕು ದೊಡ್ಡಪ್ಪ.

ದೊಡ್ಡಪ್ಪ: ಮಾಡಿದರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದರೆ?

ಹುಡುಗಿ: ಮೆಂಡಲ್ ಬಟಾಣಿಯಲ್ಲಿ ನುಣುಪು ಕಾಳು, ಸುಕ್ಕು ಕಾಳು ಎಣಿಸಿದ್ದು ಎಂಟನೇ ಕ್ಲಾಸ್ ಹುಡುಗನಿಗೂ ಗೊತ್ತು. ಅವನ ಪ್ರಬಂಧ ಅಚ್ಚಾಗಿದ್ದು 1866ರಲ್ಲಿ. ಕಾಳು ಸುಕ್ಕಾಗೋದು ಯಾಕೆ ಅಂತ ಗೊತ್ತಾಗಿದ್ದು 1990ರಲ್ಲಿ. ಪಿಷ್ಟಕ್ಕೆ ಕವಲು ಕೊಡೋ ಕಿಣ್ವದ ಜೀನಿನ ಮಧ್ಯೆ ಸುಮಾರು 800 ಅಕ್ಷರದ ಒಂದು ಪರಕೀಯ ತುಂಡು ನುಗ್ಗಿ ಕೂತಿದೆ. ಕಿಣ್ವ ಕೆಲಸ ಮಾಡಲ್ಲ, ಸಕ್ಕರೆ ಪಿಷ್ಟ ಆಗದೆ ಉಳಿಯುತ್ತೆ, ಸಕ್ಕರೆ ನೀರೆಳೆಯುತ್ತೆ, ಕಾಳು ಉಬ್ಬುತ್ತೆ, ಒಣಗಿದಾಗ ಸಿಪ್ಪೆ ಸುಕ್ಕಾಗುತ್ತೆ. ಈ ಪಾಠ ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆರಳಲ್ಲಿ ಸವರಿದರೆ ಸಿಗೋ ಸುಕ್ಕಿನಿಂದ ಕಾಣದ ಅಕ್ಷರದವರೆಗೆ ಒಂದೂ ಕೊಂಡಿ ತಪ್ಪಿಲ್ಲ. ಏನಾಗುತ್ತೆ ಅಂದ್ರೆ ನನಗೆ ಇಷ್ಟೇ ಹೇಳೋಕೆ ಬರೋದು.

ದೊಡ್ಡಪ್ಪ: ಸುಕ್ಕು ಬಟಾಣಿ ಸಿಹಿ ಜಾಸ್ತಿ ಅಂತ ತಿನ್ನೋರಿಗೆ ಗೊತ್ತಿತ್ತು. ಯಾಕೆ ಅಂತ ಇವತ್ತು ನನಗೆ ಗೊತ್ತಾಯ್ತು. ಒಪ್ಪಿದೆ. ಈಗ ಇದನ್ನ ಹೇಳು, ಡಿಗ್ರಿಯ ಮೂರು ವರ್ಷದಲ್ಲೂ ನಿದ್ದೆ ಕೆಡಿಸೋ ಇಂಥ ಪಾಠ ಆಯ್ತಾ?

ಹುಡುಗಿ: ಇಲ್ಲ. ಡಿಗ್ರಿಯಲ್ಲಿ ಪಿಸಿಆರ್ ಅಂದ್ರೆ ಹತ್ತು ಅಂಕದ ಪ್ರಶ್ನೆ. ಯಂತ್ರ ಒಂದಿತ್ತು, ಗಾಜಿನ ಬೀರುವಿನಲ್ಲಿ. ಇನ್‌ಸ್ಪೆಕ್ಷನ್ ದಿನ ಹೊರಗೆ ಬರ್ತಿತ್ತು. ಪ್ರಾಕ್ಟಿಕಲ್ ರೆಕಾರ್ಡಿಗೆ ಯಾರದೋ ಜೆಲ್ಲಿನ ಫೋಟೋ ಅಂಟಿಸಿ ಕೆಳಗೆ ರಿಸಲ್ಟ್ ಅಂತ ಬರೆದ್ವಿ. ಕ್ಲಾಸಿನ ಅರ್ಧ ಜನ ಮೆಡಿಕಲ್ ಸೀಟು ಸಿಗದೆ ಬಂದೋರು, ಓದಿದ್ದು ಮುಂದಿನ ಸಲದ ಪರೀಕ್ಷೆಗೆ. ಎಂ.ಎಸ್ಸಿ.ಗೆ ಬಂದ ಮೊದಲ ವಾರ ಪಿಪೆಟ್ ಹಿಡಿದಾಗ ನನ್ನ ಕೈ ನಡುಗಿತ್ತು. ಅದರ ಗುಂಡಿಯನ್ನ ಮೊದಲ ತಡೆವರೆಗೆ ಒತ್ತಿ ಎಳ್ಕೋಬೇಕು, ಬಿಡುವಾಗ ಎರಡನೇ ತಡೆವರೆಗೆ ಒತ್ತಬೇಕು. ಎಳೆಯುವಾಗಲೇ ಎರಡನೇ ತಡೆಗೆ ಹೋದರೆ ಅಳತೆ ಕೆಟ್ಟಿತು. ಇಷ್ಟು ಸಣ್ಣ ವಿಷಯ ಮೂರು ವರ್ಷ ಓದಿದೋರಿಗೆ ಗೊತ್ತಿರಲಿಲ್ಲ.

ದೊಡ್ಡಪ್ಪ: ಈಗ?

ಹುಡುಗಿ: ಈಗ ಕೈ ಕೂತಿದೆ. ಅದಕ್ಕಿಂತ ದೊಡ್ಡದೊಂದು ಕಲಿತೆ. ಪ್ರತಿ ಸಲ ಡಿಎನ್‌ಎ ಹಾಕದ ಒಂದು ಟ್ಯೂಬನ್ನೂ ಓಡಿಸ್ತೀವಿ, ನೆಗೆಟಿವ್ ಕಂಟ್ರೋಲ್ ಅಂತ. ಅದರಲ್ಲಿ ಗೆರೆ ಬರಬಾರದು. ಬಂದರೆ ಎಲ್ಲೋ ಕಲಬೆರಕೆ ಆಗಿದೆ ಅಂತ ಅರ್ಥ, ಮಿಕ್ಕ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ನಂಬೋ ಹಾಗಿಲ್ಲ, ಎಲ್ಲಾ ಮೊದಲಿಂದ. ಯಾರೂ ನೋಡ್ತಿರಲ್ಲ, ಆ ಒಂದು ಸಾಲನ್ನ ಫೋಟೋದಿಂದ ಕತ್ತರಿಸಿಬಿಟ್ಟರೆ ಕೇಳೋರಿಲ್ಲ. ಕತ್ತರಿಸದೆ ಇರೋದೇ ಈ ಓದು ಅಂತ ನನಗೆ ಅನ್ನಿಸಿದೆ.

ದೊಡ್ಡಪ್ಪ: ನಾವು ಚೆಕ್ ಸಾಲು ಹಾಕ್ತಿದ್ವಿ. ಹೊಸ ತಳಿ ಪಕ್ಕದಲ್ಲೇ ಹಳೇ ತಳಿ, ಅದೇ ಗೊಬ್ಬರ, ಅದೇ ನೀರು. ಎಷ್ಟೋ ಸಲ ಹಳೇದೇ ಗೆಲ್ತಿತ್ತು. ಹಂಗೇ ಬರೀತಿದ್ವಿ... ಸರಿ, ದುಡ್ಡಿನ ಮಾತಿಗೆ ಬಾ. ನಿಮ್ಮಪ್ಪನ ಸಂಕಟ ಸುಳ್ಳಲ್ಲ.

ಹುಡುಗಿ: ಗೊತ್ತು. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ತಿಂಗಳಿಗೆ 37 ಸಾವಿರ ಫೆಲೋಶಿಪ್. 2023ರಿಂದ ಅಷ್ಟಾಗಿದೆ. ಬರದಿದ್ದರೆ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ನೇತಾಡಬೇಕು. ಪಿಎಚ್.ಡಿ. ಐದಾರು ವರ್ಷ. ನನ್ನ ಜೊತೆ ಓದಿದೋರಲ್ಲಿ ಕೆಲವರು ಮೆಡಿಕಲ್ ಕೋಡಿಂಗ್‌ಗೆ ಹೋದರು, ಒಬ್ಬಳು ಬ್ಯಾಂಕ್ ಪರೀಕ್ಷೆ ಬರೀತಿದ್ದಾಳೆ.

ದೊಡ್ಡಪ್ಪ: ಬಯೋಕಾನ್ ಇಲ್ಲೇ ಬೆಂಗಳೂರಲ್ಲಿ ಒಂದು ಗ್ಯಾರೇಜಲ್ಲಿ 1978ರಲ್ಲಿ ಶುರುವಾಗಿ ಅಷ್ಟು ದೊಡ್ಡದಾಯ್ತು. 2001ರಲ್ಲಿ ಸರ್ಕಾರ ಬಯೋಟೆಕ್ ನೀತಿ ಅಂತ ತಂದಾಗ ಊರೂರಿನ ಕಾಲೇಜಲ್ಲೂ ಬಯೋಟೆಕ್ ಬೋರ್ಡು ಬಿತ್ತು. ಓದಿದೋರಿಗೆಲ್ಲಾ ಕೆಲಸ ಅಂದ್ರು. ಕೆಲಸ ಇರೋದು ಬೆಂಗಳೂರಲ್ಲಿ, ಓದಿದೋರು ಮಳವಳ್ಳಿ, ಕೆ.ಆರ್. ಪೇಟೆಯಲ್ಲಿ. ನಿಮ್ಮಪ್ಪ ಸಾಲ ಮಾಡವ್ನೆ. ಆ ಔಷಧಿ ಕಂಪನಿ ಕೆಲಸದಲ್ಲೂ ಪಿಪೆಟ್ ಹಿಡೀಬಹುದು ಅಲ್ವಾ?

ಹುಡುಗಿ: ಹಿಡೀಬಹುದು. ಅದು ಕೀಳು ಕೆಲಸ ಅಂತ ನಾನು ಅನ್ನಲ್ಲ. ಇನ್ಸುಲಿನ್ ಸೀಸೆ ಸರಿಯಿದೆಯಾ ಅಂತ ನೋಡೋರು ಇರಲೇಬೇಕು. ಆದ್ರೆ ಅಲ್ಲಿ ಪ್ರಶ್ನೆ ಬೇರೆಯವರದು, ನಾನು ಉತ್ತರ ಸರಿಯಿದೆಯಾ ಅಂತ ನೋಡಬೇಕು ಅಷ್ಟೆ.

ದೊಡ್ಡಪ್ಪ: ವಿ.ಸಿ. ಫಾರಂನಲ್ಲಿ ಪ್ರಶ್ನೆ ಲಕ್ಷ್ಮಣಯ್ಯನವರದು. ಗೆಣ್ಣು ನೋಡಿದ್ದು ನಮ್ಮಂಥೋರು. ನನಗೆ ಎಂದೂ ಕಡಿಮೆ ಅನ್ನಿಸಲಿಲ್ಲ.

ಇದಕ್ಕೆ ಹುಡುಗಿಯ ಹತ್ತಿರ ಉತ್ತರ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಪ್ರಯೋಗಾಲಯಗಳ ಚರಿತ್ರೆಯಲ್ಲಿ ಹೆಸರು ಉಳಿಯುವುದು ಪ್ರಶ್ನೆ ಕೇಳಿದವರದು, ಸಾಲಿನಲ್ಲಿ ಬಗ್ಗಿ ನೋಡಿದವರದಲ್ಲ. ಅದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. ಆಮೇಲೆ ಮಾತು ತಾನಾಗಿಯೇ ಇನ್ನೊಂದು ಕಡೆಗೆ ಹೊರಳಿತು.

ದೊಡ್ಡಪ್ಪ: ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗರಲ್ಲಿ ಒಂದು ರಕ್ತದ ಕಾಯಿಲೆ ಇದೆಯಂತಲ್ಲ, ಮೈ ಕೈ ಮೂಳೆಯೆಲ್ಲಾ ನೋವು ಬಂದು ಮಕ್ಕಳು ಒದ್ದಾಡ್ತವಂತೆ. ಅದೂ ಜೀನ್ ಕಾಯಿಲೆಯೇ ಅಲ್ವಾ?

ಹುಡುಗಿ: ಸಿಕಲ್ ಸೆಲ್. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲು. ಅದರಿಂದ ಪ್ರೋಟೀನಿನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಗ್ಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ದೊಡ್ಡಪ್ಪ: ಇದು ಯಾವಾಗ ಗೊತ್ತಾಯ್ತು?

ಹುಡುಗಿ: ಪ್ರೋಟೀನಿನ ಆ ಬದಲಾವಣೆ ಗೊತ್ತಾಗಿದ್ದು 1956ರಲ್ಲಿ. ವರ್ನನ್ ಇಂಗ್ರಾಂ ಅಂತ, ಕೇಂಬ್ರಿಡ್ಜಿನಲ್ಲಿ.

ದೊಡ್ಡಪ್ಪ: ಔಷಧಿ?

ಹುಡುಗಿ: ನೋವು ಕಡಿಮೆ ಮಾಡೋ ಹೈಡ್ರಾಕ್ಸಿಯೂರಿಯಾ ಮಾತ್ರೆ ಇದೆ. ಜೀನ್ ತಿದ್ದೋ ಕ್ರಿಸ್ಪರ್ ಚಿಕಿತ್ಸೆಗೆ ಬ್ರಿಟನ್, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರ ಕೊನೆಗೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್.

ದೊಡ್ಡಪ್ಪ: ರೂಪಾಯಿಯಲ್ಲಿ ಹೇಳು.

ಹುಡುಗಿ: 18 ಕೋಟಿ ದಾಟುತ್ತೆ.

ದೊಡ್ಡಪ್ಪ: ಕಾರಣ ಗೊತ್ತಾಗಿ ಅರುವತ್ತೇಳು ವರ್ಷ, ಆಮೇಲೆ 18 ಕೋಟಿ. ಬೆಟ್ಟದ ಹುಡುಗನಿಗೆ ನಿಮ್ಮ ಓದು ಕೊಟ್ಟಿದ್ದೇನು, ಕಾಯಿಲೆಗೆ ಒಂದು ಹೆಸರು, ಕೈಲಿ ಪರೀಕ್ಷೆಯ ಫಲ ಬರೆದ ಒಂದು ಕಾರ್ಡು. ತಪ್ಪು ತಿಳ್ಕೋಬೇಡ, ಸಿಟ್ಟಿನಿಂದ ಹೇಳ್ತಿಲ್ಲ.

ಹುಡುಗಿ: ಸಿಟ್ಟು ಬರಲಿ ದೊಡ್ಡಪ್ಪ, ಬರಬೇಕು. ನನಗೂ ಬರುತ್ತೆ. ಆದ್ರೆ ಹೆಸರೂ ಕಾರ್ಡೂ ಏನೂ ಅಲ್ಲ ಅನ್ನಬೇಡಿ. ಹುಟ್ಟಿದ ಮಗುವಿಗೇ ಪರೀಕ್ಷೆ ಮಾಡಿದರೆ ಮೊದಲಿಂದಲೇ ಮಾತ್ರೆ, ಲಸಿಕೆ ಕೊಟ್ಟು ಕಾಪಾಡಬಹುದು. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಒಂದು ಅಭಿಯಾನ ಶುರುಮಾಡಿದೆ, 2047ರ ಗುರಿ ಇಟ್ಟುಕೊಂಡು. ಇನ್ನೊಂದು ವಿಷಯ, ಇದು ನಿಮಗೆ ಹಿಡಿಸುತ್ತೆ. ಆ ಕ್ರಿಸ್ಪರ್ ಚಿಕಿತ್ಸೆ ಕೆಟ್ಟ ಅಕ್ಷರವನ್ನ ಮುಟ್ಟೋದೇ ಇಲ್ಲ.

ದೊಡ್ಡಪ್ಪ: ಮತ್ತೆ?

ಹುಡುಗಿ: ಮಗು ಹೊಟ್ಟೆಯಲ್ಲಿದ್ದಾಗ ಬೇರೆ ಒಂದು ಹಿಮೋಗ್ಲೋಬಿನ್ ಇರುತ್ತೆ. ಹುಟ್ಟಿ ಕೆಲವು ತಿಂಗಳಲ್ಲಿ ಅದು ನಿಲ್ಲುತ್ತೆ. ಈ ಚಿಕಿತ್ಸೆ ಆ ನಿಲ್ಲಿಸೋ ಬ್ರೇಕನ್ನ ಕತ್ತರಿಸಿ ಹಳೇ ಹಿಮೋಗ್ಲೋಬಿನ್ ಮತ್ತೆ ಬರೋ ಹಾಗೆ ಮಾಡುತ್ತೆ. ಈ ಯೋಚನೆಯ ಬೇರು ಎಲ್ಲಿದೆ ಗೊತ್ತಾ? 1948ರಲ್ಲಿ ಜಾನೆಟ್ ವಾಟ್ಸನ್ ಅಂತ ಒಬ್ಬ ಮಕ್ಕಳ ಡಾಕ್ಟರ್ ನ್ಯೂಯಾರ್ಕಿನಲ್ಲಿ ಹಸುಗೂಸುಗಳನ್ನ ನೋಡ್ತಾ ನೋಡ್ತಾ ಒಂದು ವಿಷಯ ಗಮನಿಸಿದರು. ಈ ಕಾಯಿಲೆ ಇರೋ ಮಕ್ಕಳೂ ಮೊದಮೊದಲು ಆರಾಮವಾಗಿರ್ತವೆ. ಹೊಟ್ಟೆಯಲ್ಲಿದ್ದಾಗಿನ ರಕ್ತ ಅವುಗಳನ್ನ ಕಾಪಾಡ್ತಿರಬಹುದು ಅಂತ ಅವರು ಊಹಿಸಿದರು.

ದೊಡ್ಡಪ್ಪ: ಆಗ ಜೀನ್ ಓದೋ ಯಂತ್ರ ಇತ್ತಾ?

ಹುಡುಗಿ: ಡಿಎನ್‌ಎ ಆಕಾರವೇ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು 1953ರಲ್ಲಿ.

ದೊಡ್ಡಪ್ಪ: ಬರೀ ಕಣ್ಣು.

ಹುಡುಗಿ: ಬರೀ ಕಣ್ಣು. ಆದ್ರೆ ಬರೀ ಕಣ್ಣಿನಿಂದ ಆ ಬ್ರೇಕ್ ಎಲ್ಲಿದೆ ಅಂತ ಗೊತ್ತಾಗ್ತಿರಲಿಲ್ಲ, ಅದಕ್ಕೆ ಕತ್ತರಿ ಹಾಕೋಕೂ ಆಗ್ತಿರಲಿಲ್ಲ.

ದೊಡ್ಡಪ್ಪ: 18 ಕೋಟಿ ಅನ್ನೋದನ್ನ ನೀನು ದಾಟಿಸಿಕೊಂಡು ಹೋದೆ. ನನ್ನ ಹೆದರಿಕೆ ಇರೋದೇ ಅಲ್ಲಿ. ಬಿಟಿ ಹತ್ತಿ 2002ರಲ್ಲಿ ಬಂತು. ಮೊದಲು ಚೆನ್ನಾಗಿ ನಡೀತು, ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೆ ಬಗ್ಗದ ಹಾಗಾಯ್ತು. ಬೀಜ ಮಾತ್ರ ವರ್ಷ ವರ್ಷ ಅಂಗಡಿಯಲ್ಲೇ ತರಬೇಕು. ನಾವು ಇಂಡಾಫ್ ಕೊಟ್ಟಾಗ ರೈತ ಒಂದು ಸಲ ತಗೊಂಡು ಹೋದ, ಮನೇಲಿ ಗುಡಾಣ ತುಂಬಿಸಿಕೊಂಡ, ನೆಂಟರಿಗೂ ಕೊಟ್ಟ.

ಹುಡುಗಿ: ಹುಳ ಬಗ್ಗದ ಹಾಗಾಗಿದ್ದು ನಮ್ಮ ಪಾಠದ ಪ್ರಕಾರವೇ ಆಯ್ತು. ಬಿಟಿ ಇಲ್ಲದ ಸಾಲು ಸುತ್ತ ಹಾಕಬೇಕು ಅಂತ ಹೇಳಿದ್ದನ್ನ ಹೆಚ್ಚಿನವರು ಹಾಕಲಿಲ್ಲ. ಬೀಜದ ಮಾತು ಬೇರೆ. 2025ರ ಮೇ ತಿಂಗಳಲ್ಲಿ ನಮ್ಮ ಸರ್ಕಾರಿ ಸಂಸ್ಥೆಗಳೇ ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿದವು. ಒಂದು ಕಮಲಾ, ಅದು ನಿಮ್ಮ ಸಾಂಬಾ ಮಸೂರಿಯದ್ದೇ. ಹೊರಗಿನ ಜೀನ್ ಯಾವುದೂ ಇಲ್ಲ. ಭತ್ತವೂ ರಾಗಿ ಥರ ತನಗೆ ತಾನೇ ಕಾಳು ಕಟ್ಟೋದು, ಬೀಜ ಎತ್ತಿಟ್ಟುಕೊಳ್ಳಬಹುದು.

ದೊಡ್ಡಪ್ಪ: ತಿದ್ದೋ ಕತ್ತರಿ ಯಾರದು?

ಹುಡುಗಿ: ಪೇಟೆಂಟ್ ಹೊರದೇಶದ ಸಂಸ್ಥೆಗಳ ಹತ್ತಿರ ಇದೆ.

ದೊಡ್ಡಪ್ಪ: ನೋಡು.

ಹುಡುಗಿ: ನೋಡಿದ್ದೀನಿ. ನಮ್ಮದೇ ಕತ್ತರಿ ಬೇಕು ಅಂದ್ರೆ ಈ ವಿದ್ಯೆ ಓದೋರು ಇನ್ನೂ ಜಾಸ್ತಿ ಬೇಕು, ಕಡಿಮೆ ಅಲ್ಲ. ದೂರ ನಿಂತರೆ ಕತ್ತರಿ ಯಾವಾಗಲೂ ಬೇರೆಯವರದ್ದೇ ಆಗಿರುತ್ತೆ.

ದೊಡ್ಡಪ್ಪ: ಹತ್ತಿರ ಹೋದೋರು ಕತ್ತರಿ ಇರೋರ ಕಡೆಯೇ ಕೆಲಸಕ್ಕೆ ಸೇರಿಕೊಳ್ಳೋದನ್ನೂ ನೋಡಿದ್ದೀನಿ. ಇರಲಿ, ಈ ಸಲ ಬಂದಾಗಿಂದ ನೀನು ಅಟ್ಟದ ಮೇಲಿನ ನನ್ನ ಬೀಜದ ಸೋರೆಬುರುಡೆಗಳ ಕಡೆಯೇ ನೋಡ್ತಿದ್ದೀಯಲ್ಲ?

ಹುಡುಗಿ: ಕೇಳಬೇಕು ಅಂತಲೇ ಇದ್ದೆ. ಉಂಡೆ ರಾಗಿ, ರುದ್ರಜಡೆ, ಇನ್ನೂ ಹೆಸರು ಗೊತ್ತಿಲ್ಲದವು ನಿಮ್ಮ ಹತ್ತಿರ ಇವೆ. ಪಿಎಚ್.ಡಿ.ಗೆ ಸೇರಿದರೆ ಹಳೇ ನಾಟಿ ತಳಿಗಳ ಜೀನೋಮ್ ಓದಿ ಎಂಎಲ್ 365ರ ಪಕ್ಕ ಇಟ್ಟು ನೋಡಬೇಕು ಅಂತಿದ್ದೀನಿ. ಬೆಂಕಿ ರೋಗ ತಡೆಯೋದು ಇವುಗಳಲ್ಲಿ ಏನಾದ್ರೂ ಇದ್ದರೆ ಸಿಗುತ್ತೆ.

ದೊಡ್ಡಪ್ಪ: ಸಿಕ್ಕಿದರೆ ಅದು ಯಾರ ಹೆಸರಲ್ಲಿರುತ್ತೆ?

ಹುಡುಗಿ: ಪ್ರಬಂಧ ನನ್ನ ಹೆಸರು, ಗೈಡ್ ಹೆಸರು. ನಿಮ್ಮ ಹೆಸರು ಕೃತಜ್ಞತೆ ಸಾಲಿನಲ್ಲಿ.

ದೊಡ್ಡಪ್ಪ: ಅದು ಸಾಲಲ್ಲವ್ವ. ಈ ಬೀಜ ನನ್ನದೂ ಅಲ್ಲ, ಮಾದಳ್ಳಿ ಅಜ್ಜಿ ಕೊಟ್ಟಿದ್ದು ಒಂದು, ಹಲಗೂರು ಕಡೆಯೋರು ಕೊಟ್ಟಿದ್ದು ಇನ್ನೊಂದು.

ಹುಡುಗಿ: 2001ರ ತಳಿ ಸಂರಕ್ಷಣೆ ಕಾಯ್ದೆ ಇದೆ. ಅದರಲ್ಲಿ ರೈತರ ತಳಿ ಅಂತ ನೋಂದಾಯಿಸಬಹುದು, ರೈತರಿಗೆ ಶುಲ್ಕ ಇಲ್ಲ. ಊರಿನ ಗುಂಪಿನ ಹೆಸರಲ್ಲೂ ಆಗುತ್ತೆ. ಒಂದು ಸಲ ನೋಂದಾಯಿಸಿದರೆ ಅದನ್ನ ಬಳಸಿ ಯಾರಾದ್ರೂ ಹೊಸ ತಳಿ ಮಾಡಿದಾಗ ಪಾಲು ಕೇಳೋ ಹಕ್ಕೂ ಇರುತ್ತೆ.

ದೊಡ್ಡಪ್ಪ: ಹಂಗಾದ್ರೆ ಮೊದಲು ಅದು. ಆ ಅಜ್ಜಿ ಮನೆಯೋರಿಗೂ ಹಲಗೂರಿನೋರಿಗೂ ನೀನೇ ಹೋಗಿ ಈಗ ನನಗೆ ಹೇಳಿದ ಹಾಗೆ ಹೇಳಬೇಕು, ಜೆಲ್ಲು, ಗೆರೆ, ಪಕ್ಕದ ಮನೆ ಎಲ್ಲಾ. ಅವರು ಹೂಂ ಅಂದ ಮೇಲೆ ಎಲೆ.

ಹುಡುಗಿ: ಅದಕ್ಕೇ ಒಂದು ವರ್ಷ ಹಿಡಿಯಬಹುದು ದೊಡ್ಡಪ್ಪ. ನನ್ನ ಫೆಲೋಶಿಪ್ಪಿನ ಗಡಿಯಾರ ಓಡ್ತಿರುತ್ತೆ.

ದೊಡ್ಡಪ್ಪ: ರಾಗಿಗೂ ಒಂದು ಮಳೆಗಾಲ ಬೇಕು. ಬಿತ್ತದೆ ಎಲೆ ಎಲ್ಲಿಂದ ತರ್ತೀಯ?

ಹುಡುಗಿ: ಅಪ್ಪನಿಗೆ ಏನು ಹೇಳ್ತೀರಿ?

ದೊಡ್ಡಪ್ಪ: ಬುದ್ಧಿ ಹೇಳಿದೆ ಅಂತೀನಿ. ಸಾಲದ ಕಂತಿನ ಲೆಕ್ಕ ನೀನು ಅವನ ಎದುರು ಕೂತು ಮಾಡು, ಅದನ್ನ ನಾನು ಮಾಡೋಕಾಗಲ್ಲ. ಜೆಆರ್‌ಎಫ್ ಬರದಿದ್ದರೆ ಆ ಕಂಪನಿ ಕೆಲಸಕ್ಕೆ ಸೇರ್ತೀಯಾ ಇಲ್ವಾ, ಅದನ್ನೂ ಈಗಲೇ ಹೇಳಿಬಿಡು ಅವನಿಗೆ.

ಹುಡುಗಿ: ಒಂದು ವರ್ಷ ಕೆಲಸ ಮಾಡ್ತಾ ಮತ್ತೆ ಬರೀತೀನಿ.

ದೊಡ್ಡಪ್ಪ: ಇದನ್ನ ಅವನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆ ನೋಂದಣಿ ಅರ್ಜಿ ಕನ್ನಡದಲ್ಲಿ ಸಿಗುತ್ತಾ ನೋಡು. ಇಲ್ಲಾಂದ್ರೆ ನೀನೇ ಕೂತು ತುಂಬಬೇಕು, ಕಾಳಿನ ಬಣ್ಣ, ತೆನೆ ಆಕಾರ, ಗೆಣ್ಣು, ಎಲ್ಲಾ ನಾನು ಹೇಳ್ತೀನಿ, ನೀನು ಬರ್ಕೋ.